ಕಪ್ಪು ಪರದೆಯ ಹಾಜರಿ

ಹೊಸ ಲ್ಯಾಪ್‌ಟಾಪ್ ಎಂದು ನಾವು ಅಂಗಡಿಯಿಂದ ಹೊತ್ತು ತರುವುದು ಪೂರ್ತಿ ಹೊಸದೇನಲ್ಲ. ಡಬ್ಬ ಹೊಸದು, ಥರ್ಮೋಕೋಲು ಹೊಸದು, ಪರದೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಮೂಲೆಯಿಂದ ಮೆಲ್ಲಗೆ ಕೀಳುವ ಸುಖ ಹೊಸದು. ಆದರೆ ಪವರ್ ಬಟನ್ ಒತ್ತಿ, ಹೆಸರು ಕೊಟ್ಟು, ಕರಾರುಗಳಿಗೆಲ್ಲ ಓದದೆ ಒಪ್ಪಿಗೆ ಹಾಕಿ ಒಳಗೆ ಹೋದರೆ ಅಲ್ಲಿ ಆಗಲೇ ಹತ್ತಾರು ಪ್ರೋಗ್ರಾಮ್‌ಗಳು ಬೀಡುಬಿಟ್ಟಿರುತ್ತವೆ. ತಿಂಗಳ ಮಟ್ಟಿಗೆ ಪುಕ್ಕಟೆ ಇದ್ದು ಆಮೇಲೆ ದುಡ್ಡು ಕೇಳುವ ಆಂಟಿವೈರಸ್ ಒಂದು. ಕಿಟಕಿ ಪಕ್ಕದಲ್ಲೇ ಕೂತವರಿಗೆ ಮಳೆ ಬರುತ್ತಿದೆ ಎಂದು ತಿಳಿಸುವುದು ಇನ್ನೊಂದು. ಬ್ಯಾಟರಿಯ ಬಗ್ಗೆ ಕಾಳಜಿ ತೋರಿಸುತ್ತಲೇ ಬ್ಯಾಟರಿ ತಿನ್ನುವುದು ಮತ್ತೊಂದು. ಹೆಸರುಗಳೋ ಬಲು ವಿನಯದವು: ಹೆಲ್ಪರ್, ಅಸಿಸ್ಟೆಂಟ್, ಕಂಪ್ಯಾನಿಯನ್. ಯಾರೂ ಕರೆದಿರಲಿಲ್ಲ, ಯಾರೂ ಕೇಳಿರಲಿಲ್ಲ.

ಇದರ ಹಿಂದೆ ಸರಳವಾದ ಲೆಕ್ಕವಿದೆ. ಒಂದೊಂದು ಪಿಸಿ ಮಾರಿದಾಗ ತಯಾರಕರಿಗೆ ಉಳಿಯುವುದು ಅಷ್ಟಕ್ಕಷ್ಟೆ. ‘ನಮ್ಮ ಪ್ರೋಗ್ರಾಮನ್ನು ಮೊದಲೇ ಹಾಕಿ ಕಳಿಸಿ’ ಎಂದು ಸಾಫ್ಟ್‌ವೇರ್ ಕಂಪನಿಗಳು ಕೊಡುವ ಹಣ ಆ ಕೊರತೆಯನ್ನು ತುಂಬುತ್ತದೆ. ಅಂದರೆ ನಾವು ದುಡ್ಡು ಕೊಟ್ಟು ಯಂತ್ರ ಕೊಂಡಿರುತ್ತೇವೆ, ಬೇರೆ ಯಾರೋ ದುಡ್ಡು ಕೊಟ್ಟು ಅದರಲ್ಲಿ ನಮ್ಮ ಗಮನವನ್ನು ಕೊಂಡಿರುತ್ತಾರೆ. 2008ರಲ್ಲಿ ಸೋನಿ ಕಂಪನಿ ತನ್ನ ವಯೋ ಲ್ಯಾಪ್‌ಟಾಪ್‌ಗಳ ಕೆಲವು ಮಾದರಿಗಳಿಗೆ ‘ಫ್ರೆಶ್ ಸ್ಟಾರ್ಟ್’ ಎಂಬ ಆಯ್ಕೆ ಕೊಟ್ಟಿತು: ಈ ಬೇಡದ ಸಾಮಾನು ಹಾಕದೆ ಕಳಿಸುತ್ತೇವೆ, ಅದಕ್ಕೆ ಸುಮಾರು 50 ಡಾಲರ್ ಹೆಚ್ಚು ಕೊಡಿ! ಹಾಕುವುದಕ್ಕೂ ದುಡ್ಡು, ಹಾಕದಿರುವುದಕ್ಕೂ ದುಡ್ಡು. ಜನ ಉಗಿದ ಮೇಲೆ ಆ ಶುಲ್ಕವನ್ನು ಕೈಬಿಟ್ಟರು. ನನಗೆ ಆ ಧೈರ್ಯ ಕಂಡು ಸಿಟ್ಟಿಗಿಂತ ಮೆಚ್ಚುಗೆಯೇ ಬಂತು. ನಿಜವಾದ ಬೆಲೆಯನ್ನು ಅಷ್ಟು ಬಾಯಿಬಿಟ್ಟು ಹೇಳಿದವರು ಬೇರೆ ಯಾರಿದ್ದಾರೆ?

ಇವನ್ನು ತೆಗೆಯಲು ಸಭ್ಯವಾದ ದಾರಿ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ, ಪಟ್ಟಿ ತೆರೆದು, ಅನ್‌ಇನ್‌ಸ್ಟಾಲ್ ಒತ್ತುವುದು. ಒತ್ತಿದ ತಕ್ಷಣ ಮಾತುಕತೆ ಶುರುವಾಗುತ್ತದೆ. ನಿಜವಾಗಿಯೂ ಹೋಗಬೇಕೆ? ಏಕೆ ಹೋಗಬೇಕೆಂದು ಐದು ಕಾರಣಗಳಲ್ಲಿ ಒಂದನ್ನು ಆರಿಸಿ. ಇನ್ನೊಂದು ತಿಂಗಳು ಅರ್ಧ ಬೆಲೆಗೆ ಇರಲೇ? ‘ಉಳಿಸಿಕೊಳ್ಳಿ’ ಎಂಬ ಗುಂಡಿ ಅಂಗೈಯಗಲ, ಹಸಿರು. ‘ತೆಗೆಯಿರಿ’ ಎಂಬುದು ಬೂದುಬಣ್ಣದ ಸಣ್ಣ ಅಕ್ಷರದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು. ಇಷ್ಟೆಲ್ಲ ದಾಟಿ, ರೀಸ್ಟಾರ್ಟ್ ಮಾಡಿ ನೋಡಿದರೆ ಗಡಿಯಾರದ ಪಕ್ಕದ ಮೂಲೆಯಲ್ಲಿ ಅದರ ಚಿಹ್ನೆ ಮತ್ತೆ ಕೂತಿರುತ್ತದೆ. ಪ್ರೋಗ್ರಾಮ್ ಹೋಗಿದೆ, ಅದರ ಅಪ್‌ಡೇಟರ್ ಉಳಿದಿದೆ. ಇಲ್ಲದಿರುವುದನ್ನು ಅಪ್‌ಡೇಟ್ ಮಾಡಲು ಅದು ದಿನವೂ ಎದ್ದು ಕೂರುತ್ತದೆ.

ಹಾಗಾಗಿಯೇ ನನಗೆ ಕಪ್ಪು ಪರದೆ ಇಷ್ಟ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂಬ ಮೂರು ಅಕ್ಷರ ಕುಟ್ಟಿದರೆ ತೆರೆಯುವ, ಬಿಳಿ ಅಕ್ಷರದ, ಗೆರೆಯೊಂದು ಮಿಣುಕುವ ಕಿಟಕಿ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕಲಿತವರಿಗೆ ಇದು ಹಳೆಯ ನೆಂಟಸ್ತಿಕೆ. ಟ್ರೇನಿಂಗ್ ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಸಿ ಕೋಣೆಯೊಳಗೆ ಒಂದೇ ಕುರ್ಚಿಯಲ್ಲಿ ಇಬ್ಬರು ಕೂತು, ‘ಡಿಐಆರ್’ ಎಂದು ಹೊಡೆದಾಗ ಹೆಸರುಗಳ ಸಾಲು ಸರ್ರನೆ ಮೇಲೇರಿ ಹೋಗುವುದನ್ನು ಬಾಯಿ ಬಿಟ್ಟು ನೋಡಿದ ತಲೆಮಾರು ನಮ್ಮದು. ಆಗ ಇದಲ್ಲದೆ ಬೇರೆ ದಾರಿ ಇರಲಿಲ್ಲ. ಈಗ ಬೇರೆ ದಾರಿಗಳೆಲ್ಲ ಇದ್ದು, ಅವೆಲ್ಲ ನಮ್ಮೊಡನೆ ಚೌಕಾಸಿಗೆ ನಿಂತಿರುವುದರಿಂದ, ಚೌಕಾಸಿ ಮಾಡದ ಈ ಕಿಟಕಿಗೆ ಹಿಂದಿರುಗಬೇಕಾಗಿದೆ. ಅದು ಏಕೆ ಎಂದು ಕೇಳುವುದಿಲ್ಲ. ಕಾರಣಗಳ ಪಟ್ಟಿ ಕೊಡುವುದಿಲ್ಲ. ಕೇಳುವುದು ಒಂದೇ: ಹೆಸರು ಸರಿಯಾಗಿ ಹೇಳು.

ಆ ಒಂದು ಷರತ್ತೇ ಎಲ್ಲ ಕಷ್ಟದ ಮೂಲ. ಓಡಿಸುವುದು ಅರ್ಧ ನಿಮಿಷದ ಕೆಲಸ. ಯಾರನ್ನು ಎಂದು ಗೊತ್ತುಮಾಡಿಕೊಳ್ಳುವುದಕ್ಕೆ ಅರ್ಧ ದಿನ.

ಅರಸೀಕೆರೆಯ ನಮ್ಮ ಚಿಕ್ಕಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಲೇಖನ, ಪತ್ರ, ವಾಚಕರ ವಾಣಿ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಬರೆಯುತ್ತಾರೆ. ನಾನು ಹೋದಾಗಲೆಲ್ಲ ಕಾಫಿ ಲೋಟದ ಜೊತೆಗೆ ಅದೂ ಮುಂದೆ ಬರುತ್ತದೆ. “ಸ್ಲೋ ಆಗಿದೆ ಕಣಪ್ಪಾ, ಒಂಚೂರು ನೋಡು. ನಾನು ‘ಅ’ ಒತ್ತಿ, ಎದ್ದು ನೀರು ಕುಡಿದು ಬಂದರೆ ಆಗ ಮೂಡ್ತದೆ.” ಕಳೆದ ಬೇಸಿಗೆಯಲ್ಲಿ ಹೀಗೇ ಕೂತು ಕಪ್ಪು ಪರದೆ ತೆರೆದು ‘ಟಾಸ್ಕ್‌ಲಿಸ್ಟ್’ ಎಂದು ಹೊಡೆದೆ. ಆ ಕ್ಷಣದಲ್ಲಿ ಯಂತ್ರದೊಳಗೆ ನಡೆಯುತ್ತಿರುವ ಎಲ್ಲ ಪ್ರೋಗ್ರಾಮ್‌ಗಳ ಹೆಸರು, ಪಕ್ಕದಲ್ಲಿ ಒಂದೊಂದು ಸಂಖ್ಯೆ, ಎಷ್ಟೆಷ್ಟು ಮೆಮೊರಿ ಎಂಬ ಲೆಕ್ಕ, ಸಾಲಾಗಿ ಇಳಿದವು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು, “ಇದು ಹಾಜರಿ ಪುಸ್ತಕ ಅಲ್ವೇನೋ!” ಎಂದರು. ಆಮೇಲೆ ನಮ್ಮ ಕೆಲಸ ಆ ಧಾಟಿಯಲ್ಲೇ ನಡೆಯಿತು. ನಾನು ಒಂದೊಂದೇ ಹೆಸರು ಕೂಗುವುದು, ಅವರು ವಿಚಾರಣೆ ಮಾಡುವುದು.

ಪಟ್ಟಿಯ ಮೊದಲ ಹೆಸರೇ ‘ಸಿಸ್ಟಮ್ ಐಡಲ್ ಪ್ರೊಸೆಸ್’. ನಂಬರ್ ಸೊನ್ನೆ. ಪ್ರೊಸೆಸರಿಗೆ ಬೇರೆ ಕೆಲಸವಿಲ್ಲದ ಹೊತ್ತನ್ನೆಲ್ಲ ಇವನ ಖಾತೆಗೆ ಬರೆಯುತ್ತಾರೆ. ಹಾಗಾಗಿ ಟಾಸ್ಕ್ ಮ್ಯಾನೇಜರಿನ ವಿವರಗಳಲ್ಲಿ ಶೇಕಡಾ ತೊಂಬತ್ತಕ್ಕೂ ಮಿಕ್ಕಿ ದುಡಿಯುತ್ತಿರುವಂತೆ ಕಾಣುವವನು ಇವನೇ. ಗಾಬರಿಯಾಗಿ ಇವನನ್ನೇ ಓಡಿಸಲು ಹೊರಡುವವರಿದ್ದಾರೆ. “ಸುಮ್ಮನೆ ಕೂರೋದಕ್ಕೆ ಒಬ್ಬನ್ನ ನೇಮಿಸಿದಾರಾ? ನಮ್ಮ ಸ್ಟಾಫ್ ರೂಮಿನಲ್ಲಿ ಅದನ್ನ ಸರದಿ ಮೇಲೆ ಮಾಡ್ತಿದ್ವಿ” ಎಂದರು ಚಿಕ್ಕಪ್ಪ. ಎರಡನೆಯದು ‘ಸಿಸ್ಟಮ್’, ನಂಬರ್ 4. ಮುಂದಿನ ನಂಬರುಗಳನ್ನೆಲ್ಲ ಬೆರಳಿಟ್ಟು ನೋಡುತ್ತಾ ಹೋದ ಅವರು, ಎಲ್ಲವೂ ನಾಲ್ಕರಿಂದ ಭಾಗವಾಗುತ್ತವೆ ಎಂದು ತಾವಾಗಿಯೇ ಕಂಡುಹಿಡಿದರು. ಅದು ನಿಜ, ವಿಂಡೋಸ್ ಒಳಗೆ ಸಂಖ್ಯೆ ಹಂಚುವ ವ್ಯವಸ್ಥೆಯೇ ಹಾಗಿದೆ. ಕನ್ನಡ ಮೇಷ್ಟರಿಗೆ ಗಣಿತದಲ್ಲಿ ಸಿಕ್ಕ ಈ ಸಂತೋಷವನ್ನು ಅಡುಗೆಮನೆಯವರೆಗೂ ಹೋಗಿ ಹೇಳಿ ಬಂದರು.

ಆಮೇಲೆ ಬಂದದ್ದು ‘ಎಸ್‌ವಿಸಿ ಹೋಸ್ಟ್’. ಒಂದಾದ ಮೇಲೆ ಒಂದು, ಅದೇ ಹೆಸರು, ಪರದೆ ತುಂಬ. ಒಂದು ತರಗತಿಯಲ್ಲಿ ಇಷ್ಟೊಂದು ಮಂಜುನಾಥರೇ ಎಂದು ಚಿಕ್ಕಪ್ಪನಿಗೆ ಅನುಮಾನ. ಇವರ ಕಥೆ ಹೀಗೆ: ವಿಂಡೋಸ್‌ನ ಹಿನ್ನೆಲೆಯಲ್ಲಿ ಸದ್ದಿಲ್ಲದೆ ದುಡಿಯುವ ಎಷ್ಟೋ ಸರ್ವೀಸ್‌ಗಳಿಗೆ ಸ್ವಂತ ಕಾಲಿಲ್ಲ. ಅವು ಈ ಹೋಸ್ಟ್ ಎಂಬುದರೊಳಗೆ ಕೂತೇ ಓಡಾಡಬೇಕು. ಹಿಂದೆ ಒಂದೇ ಹೋಸ್ಟ್ ಒಳಗೆ ಹತ್ತಾರು ಸರ್ವೀಸ್‌ಗಳು ಒತ್ತರಿಸಿಕೊಂಡು ಕೂರುತ್ತಿದ್ದವು. ಒಂದು ಕುಸಿದರೆ ಉಳಿದವೂ ಕುಸಿಯುತ್ತಿದ್ದವು. 2017ರಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಮೂರೂವರೆ ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರಗಳಲ್ಲಿ ಬಹುತೇಕ ಸರ್ವೀಸ್‌ಗೆ ಒಂದೊಂದು ಹೋಸ್ಟ್. ಅದಕ್ಕೇ ಇಷ್ಟು ಸಾಲು. ಹೆಸರೊಂದೇ ಆದವರನ್ನು ಗುರುತು ಹಿಡಿಯಲು ಮೇಷ್ಟರು ಏನು ಮಾಡುತ್ತಾರೆ? ಇನಿಷಿಯಲ್ ನೋಡುತ್ತಾರೆ. ‘ಟಾಸ್ಕ್‌ಲಿಸ್ಟ್’ ಎಂಬುದರ ಮುಂದೆ ಓರೆಗೆರೆ ಹಾಕಿ ‘ಎಸ್‌ವಿಸಿ’ ಎಂದು ಸೇರಿಸಿದರೆ ಯಾವ ಹೋಸ್ಟ್ ಒಳಗೆ ಯಾರಿದ್ದಾರೆ ಎಂದು ಬಯಲಾಗುತ್ತದೆ: ಇವನು ಗಡಿಯಾರ ನೋಡಿಕೊಳ್ಳುವವನು, ಇವನು ನೆಟ್‌ವರ್ಕಿನವನು, ಇವನು ಆಡಿಯೊದವನು.

ಹೀಗೆ ಕೂಗುತ್ತಾ ಹೋದಾಗ ನಮಗೆ ಬೇಕಿದ್ದ ಪುಂಡರು ಸಿಕ್ಕರು. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಒಂದು ‘ಅನುಭವ ಸುಧಾರಣೆ’ಯ ಪ್ರೋಗ್ರಾಮ್, ಅದರದ್ದೊಂದು ಅಪ್‌ಡೇಟರ್, ಆ ಅಪ್‌ಡೇಟರ್ ಬದುಕಿದೆಯೇ ಎಂದು ನೋಡಿಕೊಳ್ಳಲು ಇನ್ನೊಂದು. ಹಾಗೆ ನೋಡಿಕೊಳ್ಳುವವನೇ ಎಲ್ಲರಿಗಿಂತ ಹೆಚ್ಚು ಮೆಮೊರಿ ತಿನ್ನುತ್ತಿದ್ದ. ಟಾಸ್ಕ್‌ಲಿಸ್ಟ್ ತನ್ನ ಕೋಷ್ಟಕದಲ್ಲಿ ಹೆಸರಿಗೆ ಇಪ್ಪತ್ತೈದು ಅಕ್ಷರದ ಜಾಗ ಮಾತ್ರ ಕೊಡುವುದರಿಂದ ಅವನ ಪೂರ್ತಿ ಹೆಸರು ಕಾಣುತ್ತಲೂ ಇರಲಿಲ್ಲ. ಪಟ್ಟಿಯನ್ನು ಬೇರೆ ರೂಪದಲ್ಲಿ ಕೇಳಿ ಹೆಸರನ್ನು ಪೂರ್ತಿಯಾಗಿ ಹೊರಡಿಸಬೇಕಾಯಿತು.

ಹೆಸರು ಸಿಕ್ಕಿತಲ್ಲ, ‘ಟಾಸ್ಕ್‌ಕಿಲ್’ ಎಂದು ಹೊಡೆದರೆ ಮುಗಿಯಿತು ಎಂದುಕೊಳ್ಳುವುದು ಸಹಜ. ಹೊಡೆದೆವು. ‘ಸಕ್ಸೆಸ್’ ಎಂದು ಉತ್ತರ ಬಂತು. ಮತ್ತೆ ಹಾಜರಿ ಕರೆದರೆ ಅವನು ಹೊಸ ನಂಬರಿನೊಂದಿಗೆ ಅಲ್ಲೇ ಇದ್ದ. ಇಲ್ಲೊಂದು ಚೆಂದದ ಸೂಕ್ಷ್ಮ ಇದೆ. ಸರ್ವೀಸ್ ಒಂದು ಹೇಳದೆ ಕೇಳದೆ ಸತ್ತರೆ ಅದು ಅಪಘಾತವೆಂದು ವಿಂಡೋಸ್ ತಿಳಿಯುತ್ತದೆ. ಆ ಸರ್ವೀಸ್ ಹಾಕಿದವರು ‘ಸತ್ತರೆ ಎಬ್ಬಿಸಿ’ ಎಂದು ಮೊದಲೇ ಬರೆಸಿಟ್ಟಿದ್ದರೆ ಎಬ್ಬಿಸಿಯೂ ಬಿಡುತ್ತದೆ. ಅದನ್ನೇ ‘ಎಸ್‌ಸಿ ಸ್ಟಾಪ್’ ಎಂದು ಮರ್ಯಾದೆಯಿಂದ ನಿಲ್ಲಿಸಿದರೆ, ಸರ್ವೀಸ್ ತಾನು ನಿಂತೆ ಎಂದು ವರದಿ ಒಪ್ಪಿಸಿ ಹೋಗುತ್ತದೆ. ಅಪಘಾತದ ಪ್ರಶ್ನೆ ಬರುವುದಿಲ್ಲ, ಎಬ್ಬಿಸುವುದೂ ಇಲ್ಲ. ಕೊಂದರೆ ಏಳುತ್ತಾನೆ, ಕೇಳಿಕೊಂಡರೆ ಹೋಗುತ್ತಾನೆ. ಒರಟು ಎಂದು ಹೆಸರು ಪಡೆದ ಕಪ್ಪು ಪರದೆಯಲ್ಲಿ ಇಂಥ ಸೌಜನ್ಯ ಅಡಗಿದೆ.

ಪವರ್‌ಶೆಲ್ ಎಂಬ ನೀಲಿ ಪರದೆಯಂತೂ ಮಾತಿನಲ್ಲೇ ಇನ್ನೂ ಸಂಭಾವಿತ. ಜೆಫ್ರಿ ಸ್ನೋವರ್ ಎಂಬುವರ ಕಲ್ಪನೆಯಿಂದ ಹುಟ್ಟಿ 2006ರಲ್ಲಿ ಹೊರಬಂದ ಇದರಲ್ಲಿ ಪ್ರತಿ ಆಜ್ಞೆಯೂ ಕ್ರಿಯಾಪದ, ಗೆರೆ, ನಾಮಪದ ಎಂಬ ಕ್ರಮದಲ್ಲೇ ಇರಬೇಕು. ಯಾವ ಕ್ರಿಯಾಪದ ಬಳಸಬಹುದು ಎಂಬುದಕ್ಕೆ ಅಂಗೀಕೃತ ಪಟ್ಟಿಯೇ ಇದೆ, ‘ಗೆಟ್-ವರ್ಬ್’ ಎಂದರೆ ತೋರಿಸುತ್ತದೆ. ಅದರಲ್ಲಿ ‘ಸ್ಟಾಪ್’ ಇದೆ, ‘ಕಿಲ್’ ಇಲ್ಲ. ‘ರಿಮೂವ್’ ಇದೆ, ‘ಡಿಲೀಟ್’ ಇಲ್ಲ. ಕ್ರಿಯಾಪದಗಳಿಗೆ ಸರ್ಕಾರಿ ಪಟ್ಟಿ ಎಂದು ಕೇಳಿ ಚಿಕ್ಕಪ್ಪ ಎಷ್ಟು ಖುಷಿಯಾದರೆಂದರೆ ಸ್ವಲ್ಪ ಹೊತ್ತು ಪುಂಡರ ವಿಚಾರಣೆಯೇ ನಿಂತುಹೋಯಿತು. ಅವರ ತಕರಾರು ಒಂದೇ: “ಕ್ರಿಯಾಪದ ಮೊದಲೇ ಬಂದರೆ ಹೇಗಪ್ಪಾ? ನಮ್ಮಲ್ಲಿ ಕೊನೇಗೆ ಬರ್ತದೆ. ‘ಇವನನ್ನು ಈಗಲೇ…’ ಅಂತ ಶುರುಮಾಡಿ, ಅವನ ಮುಖ ನೋಡಿ, ‘ಕೂರಿಸು’ ಅಂತ ಮುಗಿಸಬಹುದು. ಇವರಿಗೆ ಆ ಅವಕಾಶವೇ ಇಲ್ಲವಲ್ಲ.”

ಎರಡು ಪರದೆಗಳ ನಡುವೆ ಒಂದು ಹಳ್ಳವೂ ಇದೆ, ಹೇಳಿಬಿಡುತ್ತೇನೆ. ಕಪ್ಪು ಪರದೆಯಲ್ಲಿ ‘ಎಸ್‌ಸಿ’ ಎಂದರೆ ಸರ್ವೀಸ್‌ಗಳ ಮೇಲೆ ಅಧಿಕಾರ ನಡೆಸುವ ಪ್ರೋಗ್ರಾಮ್. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್‌ನಲ್ಲಿ ಅದೇ ಎರಡಕ್ಷರ ‘ಫೈಲಿನಲ್ಲಿ ಬರೆ’ ಎಂಬ ಬೇರೊಂದು ಆಜ್ಞೆಯ ಅಡ್ಡಹೆಸರು. ಅಲ್ಲಿ ‘ಎಸ್‌ಸಿ ಸ್ಟಾಪ್ ಇಂಥವನು’ ಎಂದು ಹೊಡೆದರೆ ಯಾರೂ ನಿಲ್ಲುವುದಿಲ್ಲ. ‘ಸ್ಟಾಪ್’ ಎಂಬ ಹೆಸರಿನ ಫೈಲೊಂದು ಹುಟ್ಟಿ, ಅದರೊಳಗೆ ಇಂಥವನ ಹೆಸರು ದಾಖಲಾಗುತ್ತದೆ. ತಪ್ಪು ಎಂಬ ಸೂಚನೆಯೂ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದರೆ ಆ ಫೈಲು ಹೋಗಿ ಕೂರುವುದು ಸಿಸ್ಟಮ್32 ಎಂಬ ಗರ್ಭಗುಡಿಯಲ್ಲಿ. ಜಗತ್ತಿನ ಎಷ್ಟು ಕಂಪ್ಯೂಟರುಗಳ ಒಳಗೆ ಇಂಥ ‘ಸ್ಟಾಪ್’ಗಳು ಯಾರನ್ನೂ ನಿಲ್ಲಿಸದೆ ಮಲಗಿವೆಯೋ! ‘ಎಸ್‌ಸಿ’ ಆದಮೇಲೆ ಚುಕ್ಕಿ ಇಟ್ಟು ‘ಇಎಕ್ಸ್‌ಇ’ ಸೇರಿಸಿದರೆ ಈ ಗೊಂದಲವಿಲ್ಲ.

ನಿಲ್ಲಿಸುವುದು ಇವತ್ತಿನ ಮಟ್ಟಿಗೆ. ನಾಳೆ ಬೆಳಗ್ಗೆ ಯಂತ್ರ ಹಚ್ಚಿದಾಗ ಮತ್ತೆ ಬಾರದಿರಬೇಕಾದರೆ ಬರುವ ದಾರಿಗಳನ್ನು ಮುಚ್ಚಬೇಕು. ಸರ್ವೀಸ್ ಆಗಿ ಬರುವವನಿಗೆ ‘ಎಸ್‌ಸಿ ಕಾನ್ಫಿಗ್’ ಎಂದು ಹೇಳಿ ‘ಸ್ಟಾರ್ಟ್= ಡಿಸೇಬಲ್ಡ್’ ಮಾಡಬೇಕು. ಇಲ್ಲಿ ಸಮ ಚಿಹ್ನೆ ‘ಸ್ಟಾರ್ಟ್’ಗೆ ಅಂಟಿಕೊಂಡಿರಬೇಕು, ಅದರ ನಂತರ ಮಾತ್ರ ಒಂದು ಜಾಗ ಬಿಡಬೇಕು. ಯಾವ ಹಳಗನ್ನಡ ವ್ಯಾಕರಣದಲ್ಲೂ ಇಂಥ ವಿಚಿತ್ರ ಸಂಧಿ ನಿಯಮ ನಾನು ಕಂಡಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ‘ರನ್’ ಎಂಬ ಕೀಲಿ ಇದೆ, ಬಳಕೆದಾರನಿಗೊಂದು, ಇಡೀ ಯಂತ್ರಕ್ಕೊಂದು. ಅಲ್ಲಿ ಹೆಸರು ಬರೆಸಿಕೊಂಡವನು ಲಾಗಿನ್ ಆದ ಕೂಡಲೇ ಹಾಜರು. ‘ರೆಗ್ ಕ್ವೆರಿ’ ಎಂದು ನೋಡಿ, ಅಳಿಸುವ ಮೊದಲು ‘ರೆಗ್ ಎಕ್ಸ್‌ಪೋರ್ಟ್’ ಎಂದು ಒಂದು ಪ್ರತಿ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ಇವೆರಡೂ ಕಡೆ ಇಲ್ಲದವನು ‘ಎಸ್‌ಸಿಎಚ್ ಟಾಸ್ಕ್ಸ್’ ಪಟ್ಟಿಯಲ್ಲಿ ಇದ್ದೇ ಇರುತ್ತಾನೆ, ದಿನಕ್ಕೊಂದು ಸಲ ಬಂದು ಹೋಗುವ ಏರ್ಪಾಟು ಮಾಡಿಕೊಂಡು. ಅಪ್‌ಡೇಟರ್‌ಗಳಿಗೆ ಈ ಮೂರನೆಯ ದಾರಿ ಅಚ್ಚುಮೆಚ್ಚು.

ಮೂರೂ ಮುಚ್ಚಿ, ಕೊನೆಗೆ ‘ಎಸ್‌ಸಿ ಡಿಲೀಟ್’ ಎಂದು ಹೆಸರನ್ನೇ ಹೊಡೆದುಹಾಕಿದರೂ ಅವನು ಪಟ್ಟಿಯಲ್ಲೇ ಇದ್ದ; ಮತ್ತೆ ಹೊಡೆದಾಗ ಬಂದ ಉತ್ತರ: ಎರರ್ 1072, ಈ ಸರ್ವೀಸನ್ನು ತೆಗೆಯಲೆಂದು ಈಗಾಗಲೇ ಗುರುತು ಹಾಕಲಾಗಿದೆ. ತೆಗೆದೂ ಇಲ್ಲ, ಬಿಟ್ಟೂ ಇಲ್ಲ! ಟ್ರಾನ್ಸ್‌ಫರ್ ಆರ್ಡರ್ ಬಂದು ರಿಲೀವ್ ಆಗದ ಸ್ಥಿತಿ ಎಂದರು ಚಿಕ್ಕಪ್ಪ, ಅದನ್ನು ಅನುಭವಿಸಿದವರಾಗಿ. ಕಾರಣ ತಮಾಷೆಯದು. ಪಕ್ಕದಲ್ಲಿ ‘ಸರ್ವೀಸಸ್’ ಕಿಟಕಿಯನ್ನು ನಾವು ತೆರೆದಿಟ್ಟುಕೊಂಡಿದ್ದೆವು. ಅವನು ಹೋದನೇ ಎಂದು ನೋಡಲು. ಯಾರಾದರೂ ನೋಡುತ್ತಾ ಕೂತಿರುವವರೆಗೆ ವಿಂಡೋಸ್ ಅವನನ್ನು ಬಿಡುಗಡೆ ಮಾಡುವುದಿಲ್ಲ. ಆ ಕಿಟಕಿ ಮುಚ್ಚಿದೆವು, ಅವನೂ ಹೋದ.

ಮಧ್ಯೆ ಒಂದು ಆಟದ ವಿಷಯ ಬಂತು. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗ ಕ್ಯಾಂಡಿ ಕ್ರಶ್ ಸಾಗಾ ಅದರ ಜೊತೆಗೇ ಬಂದದ್ದು ನೆನಪಿರಬಹುದು. ಕಚೇರಿಯ ಕಂಪ್ಯೂಟರಿನ ಸ್ಟಾರ್ಟ್ ಮೆನುವಿನಲ್ಲಿ ಬಣ್ಣದ ಮಿಠಾಯಿ ಕಂಡು ಎಷ್ಟೋ ಸಿಸ್ಟಮ್ ಅಡ್ಮಿನ್‌ಗಳ ಹಲ್ಲು ಜುಮ್ಮೆಂದಿತ್ತು. ಇಂಥ ಸ್ಟೋರ್ ಆ್ಯಪ್‌ಗಳಿಗೆ ಬೇರೆಯದೇ ಆಜ್ಞೆ: ‘ಗೆಟ್-ಆ್ಯಪ್‌ಎಕ್ಸ್ ಪ್ಯಾಕೇಜ್’ ಎಂದು ಹುಡುಕಿ ‘ರಿಮೂವ್’ಗೆ ದಾಟಿಸುವುದು. ಆದರೆ ಅದು ತೆಗೆಯುವುದು ಸದ್ಯದ ಬಳಕೆದಾರನ ಪಾಲಿನದ್ದನ್ನು ಮಾತ್ರ. ವಿಂಡೋಸ್ ಒಳಗೆ ‘ಪ್ರಾವಿಷನ್ಡ್’ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಮುಂದೆ ಎಂದೋ ಈ ಯಂತ್ರದಲ್ಲಿ ಖಾತೆ ತೆರೆಯಲಿರುವ, ಇನ್ನೂ ಹುಟ್ಟಿರದ ಮೊಮ್ಮಗುವಿಗೂ ಇಂತಿಂಥ ಆ್ಯಪ್‌ಗಳು ಸಲ್ಲತಕ್ಕದ್ದು ಎಂಬ ಉಯಿಲು ಅದು. ಅದನ್ನೂ ಬೇರೆಯಾಗಿ ತೆಗೆಯಬೇಕು. ನಾನು ಇದನ್ನು ವಿವರಿಸುತ್ತಿದ್ದಾಗ ಒಳಗಿನಿಂದ ಚಿಕ್ಕಮ್ಮನ ದನಿ ಬಂತು: “ಆ ಮಿಠಾಯಿ ಆಟ ಮಾತ್ರ ಮುಟ್ಟೀಯೆ ಮತ್ತೆ!” ಮುಟ್ಟಲಿಲ್ಲ. ಬೇಡದ ಸಾಫ್ಟ್‌ವೇರ್ ಎಂಬ ಮಾತಿನಲ್ಲಿ ಯಾರಿಗೆ ಎಂಬ ಪ್ರಶ್ನೆ ಸದಾ ಬಾಕಿ ಇರುತ್ತದೆ, ಅದರ ಉತ್ತರ ಕೆಲವು ಸಲ ಅಡುಗೆಮನೆಯಿಂದ ಬರುತ್ತದೆ.

ಹಾಜರಿಗೆ ಬರುವವರ ಕಥೆ ಇಷ್ಟಾಯಿತು. ಹಾಜರಿಗೇ ಬಾರದವರು ಇರುತ್ತಾರಲ್ಲ, ನನಗೆ ಹೆಚ್ಚು ಭಯ ಅವರದು. 2005ರ ಅಕ್ಟೋಬರ್ ಕೊನೆಯಲ್ಲಿ ಮಾರ್ಕ್ ರುಸಿನೋವಿಚ್ ಎಂಬ ಅಮೆರಿಕದ ಎಂಜಿನಿಯರ್ ತಾನೇ ಬರೆದ ‘ರೂಟ್‌ಕಿಟ್ ರಿವೀಲರ್’ ಎಂಬ ಪ್ರೋಗ್ರಾಮನ್ನು ತನ್ನ ಯಂತ್ರದ ಮೇಲೆ ಓಡಿಸಿ ನೋಡುತ್ತಿದ್ದರು. ವಿಂಡೋಸ್ ಅಂತರಂಗವನ್ನು ಅವರಷ್ಟು ಬಲ್ಲವರು ಮೈಕ್ರೋಸಾಫ್ಟ್ ಒಳಗೂ ಕಡಿಮೆ ಎನ್ನುವ ಕಾಲ ಅದು. ಮರುವರ್ಷ ಮೈಕ್ರೋಸಾಫ್ಟ್ ಅವರ ಕಂಪನಿಯನ್ನೇ ಕೊಂಡು ಅವರನ್ನು ಒಳಗೆ ಸೇರಿಸಿಕೊಂಡಿತು. ಆ ಪ್ರೋಗ್ರಾಮಿನ ತಂತ್ರ ಯಾವ ಮೇಷ್ಟರಿಗೂ ಅರ್ಥವಾಗುವಂಥದು: ಹೆಸರು ಕೂಗಿ ಒಂದು ಪಟ್ಟಿ ಮಾಡು, ಬೆಂಚುಗಳ ನಡುವೆ ನಡೆದು ತಲೆ ಎಣಿಸಿ ಇನ್ನೊಂದು ಪಟ್ಟಿ ಮಾಡು, ಎರಡನ್ನೂ ತಾಳೆ ನೋಡು. ವಿಂಡೋಸ್ ಹೇಳುವ ಫೈಲುಗಳ ಪಟ್ಟಿ ಒಂದು, ಡಿಸ್ಕನ್ನೇ ಓದಿ ತಯಾರಿಸಿದ್ದು ಇನ್ನೊಂದು. ತಾಳೆಯಾಗಲಿಲ್ಲ. ಒಂದು ಫೋಲ್ಡರ್, ಕೆಲವು ಡ್ರೈವರ್‌ಗಳು, ಒಂದು ಪ್ರೋಗ್ರಾಮ್ ಡಿಸ್ಕಿನಲ್ಲಿದ್ದವು, ವಿಂಡೋಸ್ ಕಣ್ಣಿಗೆ ಇರಲಿಲ್ಲ.

ಹಿಂಬಾಲಿಸಿ ಹೋದರೆ ದಾರಿ ತಲುಪಿದ್ದು ಅವರು ದುಡ್ಡು ಕೊಟ್ಟು ಕೊಂಡಿದ್ದ ಸೋನಿ ಬಿಎಂಜಿ ಕಂಪನಿಯ ಒಂದು ಹಾಡಿನ ಸಿಡಿಗೆ. ಹಾಡನ್ನು ಯಾರೂ ಹೆಚ್ಚು ಪ್ರತಿ ಮಾಡಬಾರದೆಂದು ಅದು ಕಂಪ್ಯೂಟರಿನೊಳಗೆ ಒಂದು ಕಾವಲು ಪ್ರೋಗ್ರಾಮ್ ಇಳಿಸುತ್ತಿತ್ತು. ಆ ಕಾವಲಿನವನು ಅಡಗಲು ಬಳಸಿದ ಉಪಾಯ ಇಷ್ಟೇ: ಡಾಲರ್ ಚಿಹ್ನೆ, ‘ಸಿಸ್’, ಮತ್ತೆ ಡಾಲರ್ ಚಿಹ್ನೆ ಎಂದು ಹೆಸರು ಶುರುವಾಗುವ ಯಾವುದನ್ನೂ ವಿಂಡೋಸ್ ತೋರಿಸಕೂಡದು. ರುಸಿನೋವಿಚ್ ನೋಟ್‌ಪ್ಯಾಡ್‌ನ ಒಂದು ಪ್ರತಿಗೆ ಹಾಗೆ ಹೆಸರಿಟ್ಟು ನೋಡಿದರು, ಅದೂ ಮಾಯ! ಅಂದರೆ ಯಾವ ಕಳ್ಳ ಬಂದರೂ ಹೆಸರಿಗೆ ಆ ನಾಲ್ಕೈದು ಅಕ್ಷರ ಅಂಟಿಸಿಕೊಂಡರೆ ಅವನಿಗೂ ಅದೇ ಮರೆ. ತೆಗೆಯಲು ಹೊರಟರೆ ಅನ್‌ಇನ್‌ಸ್ಟಾಲ್ ಎಂಬ ದಾರಿಯೇ ಇರಲಿಲ್ಲ. ಕೈಯಾರೆ ಡ್ರೈವರ್‌ಗಳನ್ನು ಅಳಿಸಿದ ಮೇಲೆ ಅವರ ಸಿಡಿ ಡ್ರೈವೇ ಕಾಣೆಯಾಯಿತು. ಕಾವಲಿನವನು ಅದರ ನಡುದಾರಿಯಲ್ಲಿ ಕೂತಿದ್ದ. ರಿಜಿಸ್ಟ್ರಿಯಲ್ಲಿ ಆ ಕೊಂಡಿಯನ್ನೂ ಹುಡುಕಿ ಬಿಡಿಸಿದ ಮೇಲೆ ಡ್ರೈವ್ ಮರಳಿತು. ಅವರು ಇದನ್ನೆಲ್ಲ ಬರೆದು ಪ್ರಕಟಿಸಿದರು, ಗದ್ದಲವಾಯಿತು, ನವೆಂಬರಿನಲ್ಲಿ ಕಂಪನಿ ಲಕ್ಷಾಂತರ ಸಿಡಿಗಳನ್ನು ವಾಪಸು ಕರೆಸಿತು. ವಿಂಡೋಸ್‌ನ ಮೂಲೆಮೂಲೆ ಬಲ್ಲವರಿಗೇ ಇಷ್ಟು ಪಾಡಾದರೆ, ಹಾಡು ಕೇಳಲು ಸಿಡಿ ಹಾಕಿದ ಸಾಮಾನ್ಯರು ಏನು ಮಾಡಬೇಕಿತ್ತು?

ಹತ್ತು ವರ್ಷದ ಮೇಲೆ, 2015ರ ಫೆಬ್ರವರಿಯಲ್ಲಿ, ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಬಂದಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ಪ್ರೋಗ್ರಾಮಿನ ಕಥೆ ಹೊರಬಿತ್ತು. ಅದು ಅಡಗಿರಲಿಲ್ಲ, ಆದರೆ ತಾನೇ ತಯಾರಿಸಿಕೊಂಡ ಒಂದು ಮೂಲ ಪ್ರಮಾಣಪತ್ರವನ್ನು ವಿಂಡೋಸ್ ನಂಬುವ ಪತ್ರಗಳ ನಡುವೆ ಸೇರಿಸಿ, ಬೀಗ ಹಾಕಿದ ಪುಟಗಳೊಳಗೂ ಇಣುಕುತ್ತಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಕೀಲಿ. ಪ್ರೋಗ್ರಾಮನ್ನು ತೆಗೆದವರ ಯಂತ್ರದಲ್ಲೂ ಪ್ರಮಾಣಪತ್ರ ಹಾಗೇ ಉಳಿಯುತ್ತಿತ್ತು. ಅದನ್ನು ಬೇರೆಯಾಗಿ ಕಿತ್ತುಹಾಕಬೇಕಿತ್ತು. 2017ರಲ್ಲಿ ಅಮೆರಿಕದ 32 ರಾಜ್ಯಗಳ ಜೊತೆ ಕಂಪನಿ 35 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಇಷ್ಟೆಲ್ಲ ತಾಪತ್ರಯ ಏಕೆ, ಒಂದೇ ಸಾಲು ಅಂಟಿಸಿದರೆ ಎಲ್ಲವನ್ನೂ ಗುಡಿಸಿಹಾಕುವ ಸ್ಕ್ರಿಪ್ಟ್‌ಗಳಿವೆಯಲ್ಲ ಎಂದು ಪಳಗಿದವರು ಕೇಳುತ್ತಾರೆ. ಇವೆ, ಒಳ್ಳೆಯವೂ ಇವೆ. ಆದರೆ ಗುರುತಿಲ್ಲದ ಯಾರೋ ಬರೆದ ಸಾಲನ್ನು ಓದದೆ, ಅಡ್ಮಿನಿಸ್ಟ್ರೇಟರ್ ಅಧಿಕಾರದೊಂದಿಗೆ ಓಡಿಸುವುದೆಂದರೆ, ಬೇಡದ ಹತ್ತು ಜನರನ್ನು ಓಡಿಸಲು ಹೆಸರೇ ಕೇಳದ ಹನ್ನೊಂದನೆಯವನಿಗೆ ಬೀಗದ ಕೈಗೊಂಚಲು ಒಪ್ಪಿಸಿದ ಹಾಗೆ. ಆ ಸ್ಕ್ರಿಪ್ಟ್ ಬರೆದವನಿಗೆ ಚಿಕ್ಕಮ್ಮನ ಮಿಠಾಯಿ ಆಟವೂ ಗೊತ್ತಿಲ್ಲ, ಚಿಕ್ಕಪ್ಪನ ನುಡಿಯೂ ಗೊತ್ತಿಲ್ಲ.

ನುಡಿ ಎಂದೆ. ನಮ್ಮ ಹಾಜರಿಯಲ್ಲಿ ಅದರ ಹೆಸರು ಬಂದಾಗ ಚಿಕ್ಕಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದರು. ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶ, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತ ಬೆರಳುಗಳಿಗೆ ಇಂದಿಗೂ ಬೇಕು. ಅದು ಕೆಲಸ ಮಾಡುವ ರೀತಿಯನ್ನೇ ನೋಡಿ: ಹಿನ್ನೆಲೆಯಲ್ಲಿ ಸುಮ್ಮನೆ ಕೂತು, ನಾವು ಒತ್ತುವ ಪ್ರತಿ ಕೀಲಿಯನ್ನೂ ಗಮನಿಸಿ, ಅದನ್ನು ತಡೆದು, ಬದಲಿಗೆ ಕನ್ನಡದ ಅಕ್ಷರ ಕೊಡುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್ ಮಾಡುವುದರಲ್ಲಿ ಮೊದಲ ಎರಡು ಕೆಲಸ ಅಕ್ಷರಶಃ ಇವೇ. ನಡತೆ ನೋಡಿ ತೀರ್ಪು ಕೊಡುವ ಆಂಟಿವೈರಸ್‌ಗೆ ಅನುಮಾನ ಬಂದರೆ ಬೈಯುವಂತಿಲ್ಲ. ಕದಿಯುವವನಿಗೂ ಕೊಡುವವನಿಗೂ ಇರುವ ವ್ಯತ್ಯಾಸ ಕಪ್ಪು ಪರದೆಯ ಯಾವ ಅಂಕಣದಲ್ಲೂ ಮೂಡುವುದಿಲ್ಲ. ಪಕ್ಕದಲ್ಲಿ ಕೂತ ಮೇಷ್ಟರು, “ಅವನು ನಮ್ಮ ಹುಡುಗ, ಇರಲಿ” ಎನ್ನಬೇಕು, ಅಷ್ಟೆ.

ಸಂಜೆಯ ಹೊತ್ತಿಗೆ ‘ಅ’ ಒತ್ತಿದ ಕೂಡಲೇ ‘ಅ’ ಮೂಡತೊಡಗಿತು. ಚಿಕ್ಕಪ್ಪ ಅಷ್ಟಕ್ಕೆ ಬಿಡಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತಂದು, ಬಳಸಿದ ಆಜ್ಞೆಗಳನ್ನೆಲ್ಲ ದುಂಡಗೆ ಕನ್ನಡದಲ್ಲೇ ಬರೆದುಕೊಂಡರು. ಸಮ ಚಿಹ್ನೆಯ ನಂತರ ಕೆಂಪು ಶಾಯಿಯಲ್ಲಿ ‘ಜಾಗ ಬಿಡತಕ್ಕದ್ದು’ ಎಂಬ ಸೂಚನೆ.

ಈಗ ಬೀದಿಯವರೆಲ್ಲ ಅವರನ್ನೇ ಕರೆಯುತ್ತಾರೆ. ಮೊನ್ನೆ ಎದುರುಮನೆಯಿಂದಲೇ ಫೋನ್ ಮಾಡಿದರು. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು.

“ಒಬ್ಬ ಇದಾನೆ ಕಣೋ, ಸ್ಟಾಪ್ ಅಂದರೂ ನಿಲ್ಲಲ್ಲ. ‘ಆಕ್ಸೆಸ್ ಡಿನೈಡ್’ ಅಂತಾನೆ, ಎರರ್ 5.”

“ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದೀರಾ ಚಿಕ್ಕಪ್ಪ?”

“ತೆರೆಯದೆ ಏನು? ನೋಟ್‌ಬುಕ್ಕಿನ ಮೊದಲನೇ ಸಾಲೇ ಅದು.”

“ಹಾಗಾದರೆ ಅವನು ಆಂಟಿವೈರಸ್ ಇರಬೇಕು. ವೈರಸ್ ಬಂದು ತನ್ನನ್ನು ನಿಲ್ಲಿಸದಿರಲಿ ಅಂತ ವಿಂಡೋಸ್ ಹತ್ತಿರ ರಕ್ಷಣೆ ಬರೆಸಿಕೊಂಡಿರ್ತಾನೆ. ಅಡ್ಮಿನಿಸ್ಟ್ರೇಟರ್ ಮಾತನ್ನೂ ಕೇಳಲ್ಲ. ಅವನನ್ನ ತೆಗೆಯೋಕೆ ಅವನ ಕಂಪನಿಯವರೇ ಕೊಟ್ಟ ಅನ್‌ಇನ್‌ಸ್ಟಾಲರ್ ಬೇಕು.”

“ಅಂದರೆ ಮತ್ತೆ ಆ ಹಸಿರು ಗುಂಡಿ, ಬೂದು ಗುಂಡಿ?”

“ಹೌದು.”

“ಐದು ಕಾರಣ ಕೇಳ್ತಾನಾ?”

“ಕೇಳ್ತಾನೆ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನಿನಿಂದ ಬಾಯಿ ದೂರ ಮಾಡಿ ಆ ಮನೆಯವರಿಗೆ ಹೇಳಿದ್ದು ಕೇಳಿಸಿತು: “ಕನ್ನಡಕ ಕೊಡಿ ಇಲ್ಲಿ. ಕಾಫಿ ಆದರೆ ಒಂದು ಲೋಟ ತನ್ನಿ, ಇದು ಸ್ವಲ್ಪ ಹೊತ್ತು ಹಿಡಿಯೋ ಹಾಗಿದೆ.”